ಶಿಳ್ಳೆ ಹಾಕದ ವಿಮರ್ಶಕ

ಶಿಕಾರಿಪುರದ ವಾರಪತ್ರಿಕೆಯೊಂದಕ್ಕೆ ಸಿನಿಮಾ ವಿಮರ್ಶೆ ಬರೆಯುವ ನನಗೆ ಅರ್ಥಶಾಸ್ತ್ರದ ಹುಚ್ಚೂ ಇದೆ. ನಾಯಕ ತರಕಾರಿ ಗಾಡಿ ಉರುಳಿಸಿ ಹೊಡೆದಾಡಿದರೆ ಎಲ್ಲರೂ ಶಿಳ್ಳೆ ಹಾಕುತ್ತಾರೆ. ನಾನು ಟೊಮೆಟೊ ದರ ನೆನೆಸಿಕೊಂಡು ಹಣದುಬ್ಬರದ ಬಗ್ಗೆ ಬರೆಯುತ್ತೇನೆ. ನಾಯಕಿ ವಿದೇಶದಲ್ಲಿ ಕುಣಿದರೆ ನನಗೆ ಕಾಣುವುದು ರೂಪಾಯಿಯ ಕುಸಿತ. ಟಾಕೀಸಿನ ಗೇಟಿನಲ್ಲಿ ನಿಲ್ಲುವ ತೀರ್ಥೇಶ್, "ಬಜೆಟ್ ಮಂಡಿಸೋರು ಬಂದ್ರು, ದಾರಿ ಬಿಡ್ರಪ್ಪಾ" ಎನ್ನುತ್ತಾನೆ. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೇನೆ. ಈ ವಾರ, 'ಜನರ ಕೊಳ್ಳುವ ಶಕ್ತಿ ಕುಗ್ಗಿದ್ದರಿಂದ ಚಿತ್ರಮಂದಿರಗಳು ಖಾಲಿ' ಎಂದು ಬರೆದು, ಹೆಂಡತಿ ಗಂಗಾಶ್ರೀಗೆ ಗತ್ತಿನಿಂದ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಲೇ ಕೇಳಿದಳು: "ಮದ್ವೆ ಆದಾಗಿಂದ ನಿಮ್ಮ ಪಕ್ಕ ನಾನು ಕೂರ್ಬೇಕಾಗಿದ್ದ ಸೀಟು ಖಾಲಿ ಐತಲ್ರೀ, ಅದಕ್ಕೂ ಇದೇ ಕಾರಣಾನಾ?"