ಅಳಿಯ ಕೇಳಿದ ನಿಲುವಂಗಿ

ಮೊನ್ನೆ ಭಾನುವಾರ ಬೆಳಿಗ್ಗೆ ಬಿಡುವಿತ್ತೆಂದು ಮೊಬೈಲಿನ ಕವರನ್ನು ಬಿಚ್ಚಿ ಸೋಪಿನ ನೀರಿಗೆ ಹಾಕಿದೆ. ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನ ಮೊಬೈಲು ಎಷ್ಟು ಜಿಡ್ಡಾಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜಿಡ್ಡೇನೋ ಹೋಯಿತು, ಕೆಳಗಿನ ಮೂಲೆಯಲ್ಲಿದ್ದ ಅರಿಶಿನದ ಕಲೆ ಮಾತ್ರ ಹೋಗಲಿಲ್ಲ. ಹಳೆಯ ಬ್ರಷ್ಷಿನಿಂದ ತಿಕ್ಕಿದೆ, ನಿಂಬೆಹೋಳು ಹಚ್ಚಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಮಂಜುಳ, "ತಿಕ್ರಿ ತಿಕ್ರಿ, ಹೋದ್ರೂ ಹೋದೀತು" ಅಂದು ಒಳಗೆ ಹೋದಳು. ಆ ಮಾತಿನ ಮೊನೆ ಕಲೆಗಲ್ಲ, ನನಗೆ.

ಕಲೆಯ ಕಥೆ ಹೇಳಬೇಕೆಂದರೆ ಮೊದಲು ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ನಲವತ್ತು ದಾಟಿದ, ಓದಲು ಕನ್ನಡಕ ಬೇಕಾದ, ಎರಡನೆಯ ಮಹಡಿ ಹತ್ತಿದರೆ ಏದುಸಿರು ಬಿಡುವ ನಾನು ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತೇನೆ. ವಿಮಾನದಿಂದ ದ್ವೀಪವೊಂದಕ್ಕೆ ಹಾರುವುದು, ಸಿಕ್ಕ ಬಂದೂಕು ಹಿಡಿದು ಓಡುವುದು, ಕೊನೆಗೆ ಉಳಿದವರು ಗೆದ್ದಂತೆ. ಇದರ ರುಚಿ ಹತ್ತಿಸಿದವನು ಮಂಜುಳನ ತಮ್ಮ ತಿಪ್ಪೇಶಿ. ಮೊಳಕಾಲ್ಮೂರಿನಲ್ಲಿ ಅವರದು ರೇಷ್ಮೆ ಸೀರೆ ನೇಯುವ ಮನೆ. ಸಂಜೆ ಮಗ್ಗದಿಂದ ಎದ್ದು ಕೈಕಾಲು ತೊಳೆದು ಅವನು ಅಲ್ಲಿಂದ, ಮಿಲ್ಲಿನಿಂದ ಬಂದು ಕಾಫಿ ಕುಡಿದು ನಾನು ಚಳ್ಳಕೆರೆಯಿಂದ, ಇಬ್ಬರೂ ಒಂದೇ ವಿಮಾನ ಹತ್ತುತ್ತಿದ್ದೆವು. ಆಡುತ್ತಲೇ ಮಾತಾಡಲೂ ಬರುತ್ತದೆ. ಅರ್ಧ ಹೊತ್ತು ಯುದ್ಧ ಮರೆತು, ಅವರ ಮನೆಯಲ್ಲಿ ಏನು ಸಾರು, ನಮ್ಮ ಮನೆಯಲ್ಲಿ ಏನು ಪಲ್ಯ ಎಂದೇ ವಿಚಾರಿಸಿಕೊಳ್ಳುತ್ತಿದ್ದೆವು.

ಪುಕ್ಕಟೆ ಆಡುವವರಿಗೆ ಆ ಆಟದವರು ಕೊಡುವುದು ಒಂದು ಬನಿಯನ್ನು, ಒಂದು ಚಡ್ಡಿ. ದುಡ್ಡು ಕೊಟ್ಟರೆ ಪರದೆಯ ಮೇಲಿನ ನಮ್ಮ ಗೊಂಬೆಯ ವೇಷ ಬದಲಾಗುತ್ತದೆ. ಅದಕ್ಕೆ ಸ್ಕಿನ್ ಅನ್ನುತ್ತಾರೆ. ಹಾಕಿಕೊಂಡರೆ ಗುಂಡು ತಾಗದೆ ಇರುವುದಿಲ್ಲ, ಓಟದ ವೇಗ ಹೆಚ್ಚುವುದಿಲ್ಲ. ನೋಡಲು ಚೆಂದ, ಅಷ್ಟೆ. ಗುರುತಿಲ್ಲದ ಹುಡುಗರು ನಮ್ಮ ತಂಡಕ್ಕೆ ಸೇರಿದಾಗ ನನ್ನ ಕೆಮ್ಮು ಕೇಳಿ, "ಯಾರಪ್ಪಾ ಇದು, ಬನಿಯನ್ ಅಂಕಲ್ಲು" ಎಂದು ನಗುತ್ತಿದ್ದರು. ಮಿಲ್ಲಿನ ಹಮಾಲರು ನನ್ನನ್ನು ರೈಟರ್ ಸಾಹೇಬ್ರು ಅನ್ನುತ್ತಾರೆ. ಹಾಗೆ ಕರೆಸಿಕೊಂಡು ಅಭ್ಯಾಸವಾದವನಿಗೆ ಬನಿಯನ್ ಅಂಕಲ್ಲು ಅಂದರೆ ಬೇಸರವಾಗದೆ ಇರುತ್ತದೆಯೇ, ನೀವೇ ಹೇಳಿ.

ಅಂಥ ಹೊತ್ತಿನಲ್ಲೇ ಆಟದ ಅಂಗಡಿಗೆ ಒಂದು ನಿಲುವಂಗಿ ಬಂತು. ಕಡುಗೆಂಪು ಬಣ್ಣ, ಅಂಚಿನುದ್ದಕ್ಕೂ ಚಿನ್ನದ ಕೆಲಸ, ಓಡಿದರೆ ಬೆನ್ನ ಹಿಂದೆ ಹಾರಾಡುವ ಶಲ್ಯ. ಕೊಳ್ಳಲು ಮನಸ್ಸಿತ್ತು, ಈ ವಯಸ್ಸಿಗೆ ಇದು ಬೇಕೇ ಎಂಬ ಸಂಕೋಚವೂ ಇತ್ತು. ಹೀಗೆ ಎರಡರ ನಡುವೆ ಸಿಕ್ಕಿಬಿದ್ದವನು ಮಾಡುವ ಕೆಲಸ ಒಂದೇ, ಮಾತಾಡುವುದು. ನಾನು ದಿನಾ ಸಂಜೆ ಅದೇ ಮಾತಾಡಿದೆ.

"ಆ ಕೆಂಪು ಬಟ್ಟೆ ತಗಂಡ್ರೆ ಹೆಂಗೆ ಲೇ ತಿಪ್ಪೇಶಿ?"

"ದಂಡ ಭಾವ. ಅಷ್ಟು ದೂರದಿಂದ್ಲೇ ಕಾಣ್ತೈತೆ. ಎಲ್ಲಾರೂ ಮೊದ್ಲು ನಿಮಗೇ ಹೊಡೀತಾರೆ."

"ಹೊಡೀಲಿ ಬಿಡು. ಒಂದ್ಸಲ ಹಾಕ್ಕಂಡು ಓಡಾಡ್ಬೇಕು ನೋಡು ಅದನ್ನ."

ತಿಪ್ಪೇಶಿಯ ಪಕ್ಕದಲ್ಲೇ ನನ್ನ ಅತ್ತೆ ಕೂತು ರೇಷ್ಮೆ ಎಳೆ ಸುತ್ತುತ್ತಿರುತ್ತಾರೆ, ಅವನ ಫೋನಿನಿಂದ ನನ್ನ ದನಿ ಮನೆಗೆಲ್ಲ ಕೇಳುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ಲಕ್ಷ್ಯಕ್ಕೆ ಬರಲಿಲ್ಲ, ಅಷ್ಟೆ.

ಇಲ್ಲಿ ನನ್ನ ಜಂಬದ ವಿಷಯವನ್ನೂ ಹೇಳಿಬಿಡುತ್ತೇನೆ. ಮದುವೆಯಲ್ಲಿ ನಾನು ಆ ಮನೆಯಿಂದ ಏನನ್ನೂ ಕೇಳಿರಲಿಲ್ಲ. ಉಂಗುರ, ವಾಚು, ಗಾಡಿ, ಯಾವುದನ್ನೂ. ಆಮೇಲೂ ಅಷ್ಟೇ, ಬಡಿಸಲು ಬಂದರೆ ಸಾಕು, ಕೊಡಲು ಬಂದರೆ ಬೇಡ. "ನಮ್ಮ ಅಳಿಯಂದ್ರು ಬಾಯಿಬಿಟ್ಟು ಒಂದ್ ಕೇಳಿದೋರಲ್ಲ" ಎಂದು ಅತ್ತೆ ಬೀದಿಯವರಿಗೆಲ್ಲ ಹೇಳುತ್ತಿದ್ದರು. ನಾನು ಅಲ್ಲಿ ನಡೆದು ಹೋಗುವಾಗ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಡುತ್ತಿದ್ದರು. ನಾನೂ ಬೇಕೆಂದೇ ಒಂದು ಸುತ್ತು ಹೆಚ್ಚಿಗೆ ನಡೆಯುತ್ತಿದ್ದೆ.

ಯುಗಾದಿಗೆ ಮೊಳಕಾಲ್ಮೂರಿಗೆ ಹೋದೆವು. ಊಟಕ್ಕೆ ಮುಂಚೆ ಅಳಿಯನಿಗೆ ಬಟ್ಟೆ ಇಡುವುದು ಆ ಮನೆಯ ಪದ್ಧತಿ. ಪ್ರತಿ ವರ್ಷದ ಹಾಗೆ ಒಂದು ಅಂಗಿ ಬಟ್ಟೆ ಬರುತ್ತದೆ, ಬೇಡ ಬೇಡ ಅನ್ನುತ್ತಾ ತೆಗೆದುಕೊಂಡರಾಯಿತು ಎಂದು ಮಣೆಯ ಮೇಲೆ ಕೂತೆ. ಅತ್ತೆ ತಟ್ಟೆ ಹಿಡಿದು ಬಂದರು. ಅದರಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇದ್ದವು, ಬಟ್ಟೆ ಇರಲಿಲ್ಲ.

"ನಿಮ್ ಫೋನ್ ಒಂಚೂರು ಕೊಡ್ರಿ" ಅಂದರು.

ಕೊಟ್ಟೆ. ತಟ್ಟೆಯ ನಡುವೆ ಅದನ್ನು ಇಟ್ಟರು. ತಿಪ್ಪೇಶಿ ತನ್ನ ಫೋನಿನಲ್ಲಿ ಏನೋ ಒತ್ತಿದ. ನನ್ನ ಪರದೆಯ ಮೇಲೆ ಉಡುಗೊರೆಯ ಡಬ್ಬಿಯೊಂದು ಕುಣಿಯಿತು, ತೆರೆಯಿತು, ಒಳಗೆ ಕೆಂಪು ನಿಲುವಂಗಿ. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮ ಕಡೆ ಯಾರೂ ತೊಡುವುದಿಲ್ಲ. ಅತ್ತೆ ಉಂಗುರ ಬೆರಳನ್ನು ಅರಿಶಿನದಲ್ಲಿ ಅದ್ದಿ ಮೊಬೈಲಿನ ಮೂಲೆಗೆ ಹಚ್ಚಿ, ತಟ್ಟೆಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

"ಗೊಂಬೆ ತೊಟ್ರೂ ಬಟ್ಟೆ ಬಟ್ಟೇನೆ. ಹಾಕ್ಕಳ್ರಿ, ನೋಡಾನ."

ಮನೆಯವರೆಲ್ಲ ಸುತ್ತ ನಿಂತಿದ್ದರು. ಹಬ್ಬದ ಎಡೆಗೆ ಕರೆಯಲು ಬಂದಿದ್ದ ಪಕ್ಕದ ಮನೆಯ ತೆಲುಗಿನ ಅಜ್ಜಿ ಬಾಗಿಲಿನಿಂದಲೇ, "ಅಲ್ಲುಡಿಕಿ ಕೊತ್ತ ಬಟ್ಟಲು ಪೆಟ್ಟಾರಾ?" ಎಂದು ಕೇಳಿದಳು. ಅಳಿಯನಿಗೆ ಹೊಸ ಬಟ್ಟೆ ಇಟ್ಟಿರಾ ಎಂದು. "ಹೂಂ, ಅವ್ರೇ ಕೇಳಿದ್ದು" ಅಂದರು ಅತ್ತೆ.

ಅವ್ರೇ ಕೇಳಿದ್ದು! ಆ ಮಾತು ಕಿವಿಗೆ ಬಿದ್ದಾಗ ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ಪರದೆ ಒತ್ತಿ ನನ್ನ ಗೊಂಬೆಗೆ ನಿಲುವಂಗಿ ತೊಡಿಸಿದೆ. ಅದು ತಿರುಗಿ ತಿರುಗಿ ಶಲ್ಯ ಹಾರಿಸಿತು. ಎಲ್ಲರೂ ಚೆನ್ನಾಗಿದೆ ಅಂದರು. ಮಂಜುಳ ಮಾತ್ರ ಕೋಸಂಬರಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಊಟ ಆದ ಮೇಲೆ ಇನ್ನೊಂದು ಪೆಟ್ಟು ಕಾದಿತ್ತು. ತಿಪ್ಪೇಶಿ ದೀಪಾವಳಿಯಿಂದಲೂ ತನಗೊಂದು ಹುಲಿಮುಖದ ಜಾಕೆಟ್ಟು ಬೇಕೆಂದು ಆಟದೊಳಗೆ ದುಡ್ಡು ಕೂಡಿಡುತ್ತಿದ್ದ. ಯುಗಾದಿಗೆ ಹಾಕುತ್ತೇನೆ ನೋಡ್ರಿ ಎಂದು ಹೇಳಿಕೊಂಡೂ ಇದ್ದ. ಇಬ್ಬರೂ ಆಡಲು ಕೂತಾಗ ನೋಡುತ್ತೇನೆ, ಅವನ ಗೊಂಬೆ ಬನಿಯನ್ನಿನಲ್ಲೇ ಇದೆ.

"ಹುಲಿ ಎಲ್ಲಿ ಲೇ?"

"ಕಾಡಿಗೆ ಹೋಗೈತೆ ಬಿಡ್ರಿ ಭಾವ" ಅಂದ, ನಕ್ಕ.

ವಾಪಸು ಬರುವಾಗ ಬಸ್ಸು ಬಿ.ಜಿ. ಕೆರೆ ದಾಟುವವರೆಗೂ ಮಂಜುಳ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಆಮೇಲೆ ಒಂದೇ ಉಸಿರಿಗೆ ಕೇಳಿದಳು: "ನನ್ ಗಂಡ ಏನೂ ಕೇಳಲ್ಲ ಅಂತ ತವರುಮನೇಲಿ ನಾನು ತಲೆ ಎತ್ಕಂಡು ಓಡಾಡ್ತಿದ್ದೆ. ಕೇಳಿ ಕೇಳಿ ಗೊಂಬೆ ಬಟ್ಟೆ ಕೇಳಿದ್ರಾ?"

"ನಾನೆಲ್ಲಿ ಕೇಳ್ದೆ? ಸುಮ್ನೆ ಮಾತಾಡ್ದೆ."

"ಅಳಿಯ ಆದೋನು ಸುಮ್ನೆ ಮಾತಾಡಂಗಿಲ್ಲ. ಅಲ್ಲಿ ಅದು ಕೇಳ್ದಂಗೇನೆ."

ಅವಳು ಹೇಳಿದ್ದು ಸರಿ. ಅದು ಗೊತ್ತಿದ್ದೂ 'ನಾನು ಕೇಳಲಿಲ್ಲ' ಎಂಬ ವಾಕ್ಯವನ್ನು ತಿಂಗಳುಗಟ್ಟಲೆ ಒಳಗೇ ಉರುಹೊಡೆದೆ. ನಿಲುವಂಗಿ ಹಿಂದಿರುಗಿಸೋಣವೆಂದರೆ ಆ ಅಂಗಡಿಯಲ್ಲಿ ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ತಿಪ್ಪೇಶಿಗೆ ಹುಲಿ ಜಾಕೆಟ್ಟು ನಾನೇ ಕೊಡಿಸುತ್ತೇನೆಂದರೆ, ಮಗಳ ಮನೆಯದು ಬೇಡ ಎಂದು ಅತ್ತೆ ಹೇಳಿ ಕಳಿಸಿದರು. ಒಂದು ಸಂಜೆ ನಿಲುವಂಗಿ ಕಳಚಿಟ್ಟು ನಾನೂ ಬನಿಯನ್ನಿನಲ್ಲೇ ಹಾರಿದೆ. ತಿಪ್ಪೇಶಿಯ ಪರದೆ ನೋಡುತ್ತಿದ್ದ ಅತ್ತೆ, "ಯಾಕಂತೆ, ಹಿಡಿಸ್ಲಿಲ್ವಂತಾ?" ಎಂದು ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು. ಪುನಃ ತೊಟ್ಟೆ. ತೊಟ್ಟರೂ ನಾಚಿಕೆ, ಬಿಟ್ಟರೂ ನಾಚಿಕೆ. ತಿಪ್ಪೇಶಿ ಹೇಳಿದಂತೆ ಎಲ್ಲರೂ ಮೊದಲು ನನಗೇ ಹೊಡೆದರು.

ಮೊನ್ನೆ ಕಲೆ ತಿಕ್ಕಿ ಸೋತ ಮೇಲೆ, ಇವತ್ತು ಹೇಳಿಯೇ ಬಿಡುವುದು ಎಂದು ನಿಶ್ಚಯಿಸಿದೆ. ಸಂಜೆ ತಿಪ್ಪೇಶಿ ಆಟಕ್ಕೆ ಕರೆದ. ಫೋನನ್ನು ಅವನ ಅವ್ವನ ಹತ್ತಿರ ಹಿಡಿಯಲು ಹೇಳಿದೆ.

"ಅತ್ತೆ, ಒಂದ್ ಮಾತು ಹೇಳ್ಬೇಕಿತ್ತು. ಆ ಯುಗಾದಿ ಬಟ್ಟೆ ವಿಷ್ಯ..."

"ಅಯ್ಯೋ, ಅದನ್ನ ನೆನೆಸ್ಕಂಡ್ರೆ ಈಗ್ಲೂ ಸಂತೋಷ ಆಗ್ತೈತೆ ನೋಡ್ರಿ" ಅಂದರು ಅವರು, ನನ್ನ ಮಾತು ಮುಗಿಯುವ ಮೊದಲೇ. "ಇಷ್ಟು ವರ್ಷ ಏನ್ ಮಾಡಿದ್ರೂ ಸಾಕು, ಏನ್ ಕೊಟ್ರೂ ಬೇಡ ಅಂತಿದ್ರಿ. ಊರಿಗೆಲ್ಲ ಹೆಮ್ಮೆಯಿಂದ ಹೇಳ್ಕಂತಿದ್ದೆ ನಿಜ. ಒಳಗೆ ಮಾತ್ರ ಒಂದ್ ಅಳುಕಿತ್ತು, ನಮ್ಮನೇದು ಇವ್ರಿಗೆ ಸೇರಲ್ವೇನೋ ಅಂತ. ಈ ಸಲ ನಿಮ್ ಬಾಯಿಂದ ಕೇಳಿದ್ರಲ್ಲ, ಮಗ ಕೇಳ್ದಂಗಾತು ನನಗೆ."

ಆ ಬೀದಿಯಲ್ಲಿ ಹೆಚ್ಚಿಗೆ ಹಾಕಿದ ಸುತ್ತುಗಳೆಲ್ಲ ನೆನಪಾದವು. ಕೇಳಿದ್ದಕ್ಕೆ ನಾಚುತ್ತಾ ಕೂತಿದ್ದೆ. ಕೇಳದೆ ಇದ್ದ ವರ್ಷಗಳಿಗೂ ನಾಚಬೇಕಾಗಿತ್ತು ಎಂದು ಆಗ ತಿಳಿಯಿತು.

"ಏನೋ ಹೇಳ್ತಿದ್ರಲ್ಲ?"

"ಹೂಂ ಅತ್ತೆ. ನಾನೇ ಕೇಳಿದ್ದು. ನನಗದು ಬಾಳ ಬೇಕಾಗಿತ್ತು" ಅಂದೆ.

ಒಳಗೆ ಮಂಜುಳ ಈರುಳ್ಳಿ ಹೆಚ್ಚುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಒಣಗಿದ್ದ ಕವರನ್ನು ಕಲೆಯ ಸಮೇತ ಮೊಬೈಲಿಗೆ ಹಾಕಿದೆ. ವಿಮಾನದಿಂದ ಹಾರಿದೆವು. ಬನಿಯನ್ನಿನ ತಿಪ್ಪೇಶಿಯನ್ನು ಹಿಂದೆ ಬಿಟ್ಟು, ಕೆಂಪು ಶಲ್ಯ ಹಾರಿಸುತ್ತಾ ಬಯಲಿನ ನಡುವೆಯೇ ಓಡತೊಡಗಿದೆ.

"ಭಾವ, ಮುಂದ್ ಹೋಗ್ಬೇಡ್ರಿ, ಎಲ್ಲಾರ್ಗೂ ಕಾಣ್ತೀರಿ!"

"ಕಾಣ್ಲಿ ಬಿಡು ಲೇ" ಅಂದೆ.