ಸೊಗಡಿಲ್ಲ ಎಂದುಬಿಟ್ಟೆ

ಮಾಲೂರಿನಲ್ಲಿ ರೈಲಿಳಿದು ಕೋಲಾರದ ಬಸ್ಸು ಹತ್ತಿದ್ದೆ. ಊರು ದಾಟುತ್ತಿದ್ದಂತೆ ಇಟ್ಟಿಗೆ ಗೂಡುಗಳ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಬ್ಬಾ, ಏನ್ ಘಾಟು" ಎಂದಳು. ನಾನೂ ತಕ್ಷಣ ಸೆರಗೆಳೆದು ಮೂಗು ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಯಾವ ಘಾಟೂ ಬಂದಿರಲಿಲ್ಲ. ಆಷಾಢದಲ್ಲಿ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಉಪ್ಪು, ಹುಳಿ, ಖಾರ ನಾಲಗೆಗೆ ಗೊತ್ತಾಗುತ್ತಿತ್ತು, ಅಷ್ಟೇ. ಡಾಕ್ಟರು "ಬಂದರೂ ಬರಬಹುದು, ಕಾಯಬೇಕು" ಎಂದಿದ್ದರು. ಐದು ತಿಂಗಳಿಂದ ಕಾಯುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ಮೈಸೂರಿನ ಒಂದು ಕುರುಕಲು ತಿಂಡಿ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸವೇ ಮೂಸಿ ನೋಡುವುದು. ಎಣ್ಣೆ ಹಳಸಿದೆಯೋ, ಇಂಗು ಅಸಲಿಯೋ, ಕಡಲೆಬೀಜ ಮುಗ್ಗಿದೆಯೋ ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಜ್ವರದ ನಂತರ ಕರಿಯುವ ಹುಡುಗಿಯರ ಮುಖ ನೋಡಿ ಹೇಳುವುದನ್ನು ಕಲಿತೆ. ಅವರು ಹುಬ್ಬು ಗಂಟಿಕ್ಕಿದರೆ "ಎಣ್ಣೆ ಬದಲಾಯಿಸಿ" ಎನ್ನುತ್ತಿದ್ದೆ. ಹಾಗೆ ದಿನ ದೂಡುತ್ತಿರುವಾಗ ಚಳಿಗಾಲ ಬಂತು, ಅವರೆಕಾಯಿ ಬಂತು. ಮಾಲೀಕರು ನನ್ನನ್ನು ಕೋಲಾರದ ಕಡೆಗೆ ಅಟ್ಟಿದರು. ಶ್ರೀನಿವಾಸಪುರದ ಮಂಡಿಯಲ್ಲಿ ಮೂರು ದಿನ ಕಾಯಿ ನೋಡಬೇಕು, ನಾಲ್ಕನೆಯ ದಿನ ಈ ಕಾಲ ಪೂರ್ತಿ ಯಾರಿಂದ ತರಿಸುವುದೆಂದು ಗೊತ್ತುಮಾಡಿ ಮೊದಲ ಲೋಡು ಕಳಿಸಬೇಕು.

ಅವರೆಕಾಯಿಗೆ ಬೇಕಾದ್ದು ಸೊಗಡು. ಮಂಜು ಬಿದ್ದ ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಕೂಡುತ್ತದೆ, ಅದರ ವಾಸನೆಯೇ ಸೊಗಡು. ಅದಿದ್ದರೆ ಬೀದಿಯ ಆ ತುದಿಯಲ್ಲಿ ಸಾರು ಕುದಿಯುತ್ತಿದ್ದರೆ ಈ ತುದಿಯಲ್ಲಿ ಹೊಟ್ಟೆ ಹಸಿಯುತ್ತದೆ. ಅದಿಲ್ಲದಿದ್ದರೆ ಅದು ಬರೀ ಕಾಳು.

ಕೋಲಾರದ ಲಾಡ್ಜಿನಲ್ಲಿ ಇಳಿದುಕೊಂಡು ಮೊದಲ ದಿನ ಬೆಳಗಿನ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋದೆ. ಮಂಡಿಯಲ್ಲಿ ಮೂಟೆಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ನಾನು ಒಂದು ಕಾಯಿ ಮುರಿದೆ, ಮೂಗಿಗೆ ಹಿಡಿದೆ, ಕಣ್ಣು ಅರೆಮುಚ್ಚಿ "ಹ್ಞೂಂ" ಎಂದೆ. ಎರಡನೆಯ ಮೂಟೆಗೂ ಅದೇ ನಾಟಕ. ಸುತ್ತ ನಾಲ್ಕಾರು ವ್ಯಾಪಾರಿಗಳು ನನ್ನನ್ನೇ ನೋಡುತ್ತಿದ್ದರು. ಎಲ್ಲಕ್ಕೂ ತಲೆಯಾಡಿಸುವವಳನ್ನು ಮಂಡಿಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಅದು ನನಗೆ ಗೊತ್ತು. ಒಂದನ್ನಾದರೂ ಬೇಡವೆನ್ನಬೇಕಿತ್ತು. ಮೂರನೆಯ ಮೂಟೆಯ ಹಿಂದೆ ನನ್ನದೇ ವಯಸ್ಸಿನ, ಅಗಲ ಭುಜದ ಹೆಂಗಸೊಬ್ಬಳು ಕೂತಿದ್ದಳು. ಅವಳ ಕಾಯಿ ಮುರಿದು ಮೂಸಿ, ಮೂಟೆಗೆ ವಾಪಸು ಎಸೆದು, ಎಲ್ಲರಿಗೂ ಕೇಳುವಂತೆ "ಸೊಗಡಿಲ್ಲ" ಎಂದುಬಿಟ್ಟೆ.

ಅವಳು ಎದ್ದು ನಿಂತಳು.

"ಏನಂದ್ರಮ್ಮಾ? ನನ್ ಕಾಯಲ್ಲಿ ಸೊಗಡಿಲ್ವಾ?"

"ಇಲ್ಲಮ್ಮ" ಎಂದು ಮುಂದೆ ಹೋದೆ. ಬೆನ್ನ ಹಿಂದೆ ಅವಳು ತೆಲುಗಿನಲ್ಲಿ ಏನೋ ಅಂದದ್ದು ಕೇಳಿಸಿತು. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಹತ್ತು ಗಂಟೆಗೆಲ್ಲ ಕೆಲಸ ಮುಗಿದಿತ್ತು. ಕೋಲಾರಕ್ಕೆ ಬಂದು ಮಧ್ಯಾಹ್ನ ಅಂತರಗಂಗೆಯ ಮೆಟ್ಟಿಲು ಹತ್ತಿದೆ. ಮಂಡಿನೋವಿನವಳು ಬೆಟ್ಟ ಹತ್ತುವುದನ್ನು ನೋಡಿ ಕೋತಿಗಳಿಗೂ ಕನಿಕರ ಬಂದಿರಬೇಕು, ಒಂದೂ ನನ್ನ ಚೀಲಕ್ಕೆ ಕೈ ಹಾಕಲಿಲ್ಲ. ಕಲ್ಲು ಬಸವನ ಬಾಯಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೆ. ತಣ್ಣಗಿತ್ತು, ತುಂಬಾ ತಣ್ಣಗಿತ್ತು. ಬಂಡೆಗಳ ನಡುವೆ ಕೂತು ಕೆಳಗಿನ ಊರನ್ನು ನೋಡಿದಾಗ ಬಹಳ ದಿನದ ಮೇಲೆ ಮನಸ್ಸು ಹಗುರಾಯಿತು. ಕೆಲಸದ ಮೇಲೆ ಬಂದವಳಿಗೆ ಹೀಗೊಂದು ಮಧ್ಯಾಹ್ನ ಬಿಟ್ಟಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಸಂಜೆ ಸೋಮೇಶ್ವರ ದೇವಸ್ಥಾನದ ಕಂಬಗಳನ್ನು ಒಂದೊಂದಾಗಿ ಸುತ್ತಿ, ಹತ್ತಿರದ ಹೋಟೆಲಿನಲ್ಲಿ ಮುದ್ದೆ ನುಂಗಿ ಬಂದು ಮಲಗಿದೆ.

ಎರಡನೆಯ ದಿನ ಮಂಡಿಗೆ ಹೋದರೆ ಆ ಹೆಂಗಸಿನ ಜಾಗ ಖಾಲಿ ಇತ್ತು. ಮಂಡಿಯ ದಲ್ಲಾಳಿಯನ್ನು ಕೇಳಿದೆ. ಆತ ಮುಖ ಸಿಂಡರಿಸಿದ.

"ನೀವು ಅಂಗಂದ್ಮೇಲೆ ಬೇರೆಯವ್ರೂ ಮುಟ್ಲಿಲ್ಲ ಮೇಡಂ. ಮೈಸೂರಿಂದ ಮೂಸಿ ನೋಡಕ್ಕೇ ಬಂದವ್ರೆ, ಅವರೇ ಬ್ಯಾಡ ಅಂದ್ರೆ ನಮಗ್ಯಾಕೆ ಅಂದ್ರು. ಎಮ್ಮೆಗೆ ಹಾಕ್ತೀನಿ ಅಂತ ಮೂಟೆ ಹೊತ್ಕೊಂಡು ಹೋದ್ರು. ರಾಯಲ್ಪಾಡು ಕಡೆಯೋರು. ಇಷ್ಟು ವರ್ಷದಲ್ಲಿ ಆಯಮ್ಮನ ಕಾಯಿಗೆ ಯಾರೂ ಅಂಗಂದಿಲ್ಲ."

ಆ ಖಾಲಿ ಜಾಗವನ್ನು ಇನ್ನೊಮ್ಮೆ ನೋಡಿದೆ. ಆದರೂ ಜಂಭ ಬಿಡಬೇಕಲ್ಲ! ಮುಖ ಬಿಗಿದುಕೊಂಡು ಇನ್ನೊಂದಿಷ್ಟು ಕಾಯಿ ಮುರಿದು, ಮುಳಬಾಗಿಲಿನ ಬಸ್ಸು ಹತ್ತಿದೆ. ಅಲ್ಲಿಯ ದೋಸೆ ತಿನ್ನದೆ ವಾಪಸು ಬಂದರೆ ಮನೆಗೆ ಸೇರಿಸುವುದಿಲ್ಲ ಎಂದು ಮಗಳು ಹೆದರಿಸಿ ಕಳಿಸಿದ್ದಳು.

ಹೋಟೆಲು ಚಿಕ್ಕದು. ನಾಲ್ಕು ಬೆಂಚು, ಒಂದು ಕಾವಲಿ, ಕಾಯುವ ಜನ ಬಾಗಿಲಾಚೆಗೂ ಇದ್ದರು. ದೋಸೆ ಬಂತು. ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ತುಪ್ಪ ಹರಿಯುತ್ತಿತ್ತು. ಎದುರು ಬೆಂಚಿನ ಮುದುಕರು ಮೊದಲ ತುತ್ತಿಗೆ ಮುಂಚೆ ತಟ್ಟೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡು ಸುಮ್ಮನೆ ನಕ್ಕರು. ನಾನು ಮುರಿದು ಬಾಯಿಗಿಟ್ಟೆ. ಬಿಸಿ ಗೊತ್ತಾಯಿತು, ಗರಿ ಗೊತ್ತಾಯಿತು, ಚಟ್ನಿಯ ಖಾರ ಗೊತ್ತಾಯಿತು. ದೋಸೆ ಹುಯ್ಯುವಾತ ಕೂಗಿ ಕೇಳಿದ, "ಎಂಗೈತೆ ಅಮ್ಮಾ?"

"ಘಮ ಘಮ ಅಂತಿದೆಯಪ್ಪ" ಎಂದೆ.

ಅಂದ ಕೂಡಲೇ ನನ್ನ ಮೇಲೆ ನನಗೇ ಸಿಟ್ಟು ಉಕ್ಕಿತು. ದೋಸೆಗೆ ಸುಳ್ಳು ಹೇಳಿದರೆ ಯಾರಿಗೂ ನಷ್ಟವಿಲ್ಲ, ಹೋಗಲಿ. ಮಂಡಿಯಲ್ಲಿ ಹೇಳಿದ ಸುಳ್ಳಿಗೆ ಒಬ್ಬಳು ಬೆಳೆದ ಕಾಯಿಯನ್ನು ಎಮ್ಮೆಯ ಮುಂದೆ ಸುರಿಯುತ್ತಿದ್ದಳು. ಎರಡನೆಯ ದೋಸೆ ಹೇಳಿದ್ದವಳು ಬೇಡವೆಂದು ಎದ್ದುಬಿಟ್ಟೆ.

ಮನಸ್ಸು ಸರಿ ಇರಲಿಲ್ಲ, ಹಾಗೆಂದು ಲಾಡ್ಜಿಗೆ ಹೋಗಿ ಗೋಡೆ ನೋಡುತ್ತ ಕೂರುವುದೂ ಬೇಕಿರಲಿಲ್ಲ. ಆಟೋ ಹಿಡಿದು ಕುರುಡುಮಲೆಯ ಗಣೇಶನ ಗುಡಿಗೆ ಹೋದೆ. ದಾರಿಯಲ್ಲಿ ಆಟೋದವನು, "ಏನಾದ್ರೂ ಶುರು ಮಾಡೋರು ಇಲ್ಗೇ ಮೊದ್ಲು ಬರೋದು ಮೇಡಂ. ಎಲೆಕ್ಷನ್‌ಗೆ ನಿಲ್ಲೋರಿಂದ ಹಿಡಿದು ಟೀ ಅಂಗಡಿ ಇಡೋರ್ ಗಂಟ. ನೀವೇನ್ ಶುರು ಮಾಡ್ತಾ ಇದೀರ?" ಎಂದ.

"ಶುರು ಮಾಡೋದಲ್ಲಪ್ಪ, ನಿಲ್ಲಿಸೋದಿದೆ" ಎಂದೆ. ಅವನಿಗೆ ಏನರ್ಥವಾಯಿತೋ, ಕನ್ನಡಿಯಲ್ಲಿ ಒಮ್ಮೆ ನೋಡಿ ಗೇರು ಬದಲಾಯಿಸಿದ.

ಗರ್ಭಗುಡಿಯಲ್ಲಿ ಕಪ್ಪು ಕಲ್ಲಿನ ಗಣೇಶ ಆಳೆತ್ತರವನ್ನೂ ಮೀರಿ ಕೂತಿದ್ದಾನೆ. ಅಷ್ಟು ದೊಡ್ಡವನ ಎದುರು ನಿಂತರೆ ನಮ್ಮ ಜಂಭ ತಾನಾಗಿಯೇ ಕುಗ್ಗುತ್ತದೆ. ಮಂಗಳಾರತಿಯಾಯಿತು. ಅರ್ಚಕರು ಕೊಟ್ಟ ಹೂವನ್ನು ಅಭ್ಯಾಸಬಲದಿಂದ ಮೂಗಿಗೆ ಒಯ್ದೆ, ಅರ್ಧದಲ್ಲಿ ಕೈ ನಿಂತಿತು. ಅಲ್ಲಿಯೇ ಕಣ್ಣೀರು ಬಂತು. ಐದು ತಿಂಗಳಲ್ಲಿ ಅತ್ತಿರಲಿಲ್ಲ. ಮೂಗು ವಾಪಸು ಕೊಡು ಎಂದು ಕೇಳಬೇಕೆಂದು ಬಂದವಳು ಅದನ್ನು ಕೇಳಲೇ ಇಲ್ಲ. ನಾಳೆ ರಾಯಲ್ಪಾಡಿಗೆ ಹೋಗುತ್ತೇನೆ, ಅವಳು ಬಾಗಿಲಿಂದ ಓಡಿಸದಂತೆ ನೋಡಿಕೋ ಎಂದಷ್ಟೇ ಕೇಳಿಕೊಂಡೆ.

ಮೂರನೆಯ ದಿನ ದಲ್ಲಾಳಿಯಿಂದ ಗುರುತು ಕೇಳಿಕೊಂಡು ಹೋದೆ. ಮಾವಿನ ತೋಪು, ಟೊಮೇಟೊ ಹೊಲ ದಾಟಿದ ಮೇಲೆ ಅವಳ ಮನೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಸೊಗಡಿಲ್ಲದ ಮನೆಗೆ ಯಾಕ್ ಬಂದ್ರಿ?"

ನಿಂತೇ ಹೇಳಿದೆ. ಜ್ವರ ಬಂದದ್ದು, ವಾಸನೆ ಹೋದದ್ದು, ಯಾರಿಗೂ ಹೇಳದೆ ನಾಟಕವಾಡಿದ್ದು, ದೊಡ್ಡಸ್ತಿಕೆ ತೋರಿಸಲು ಅವಳ ಮೂಟೆಯನ್ನು ಆರಿಸಿಕೊಂಡದ್ದು. "ನಿಮ್ಮ ಕಾಯಿ ಹೇಗಿತ್ತೋ ನನಗೆ ಗೊತ್ತೇ ಇಲ್ಲಮ್ಮ. ತಪ್ಪಾಯ್ತು."

ಅವಳು ನಂಬಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಬಂದಳು. "ಕಣ್ ಮುಚ್ಚಿ" ಎಂದಳು. ಮುಚ್ಚಿದೆ. ಮೂಗಿನ ಹತ್ತಿರ ಏನೋ ಹಿಡಿದು "ಇದೇನು ಹೇಳಿ" ಎಂದಳು.

ಎಷ್ಟೆಳೆದರೂ ಏನೂ ಇಲ್ಲ. ಮರ್ಯಾದೆಗೆ, "ಬೆಲ್ಲವಾ?" ಎಂದೆ.

ಕಣ್ಣು ಬಿಟ್ಟರೆ ಎಲೆಯ ಮೇಲೆ ಹಸೀ ಸಗಣಿ! ಅವಳಿಗೆ ನಗು ತಡೆಯಲಾಗಲಿಲ್ಲ. ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು, ಕೂತು ನಕ್ಕಳು, "ಅಯ್ಯೋ ದೇವುಡಾ, ಬೆಲ್ಲ ಅಂತೆ" ಎನ್ನುತ್ತ ಕಣ್ಣೊರೆಸಿಕೊಂಡಳು. ಮೊದಲು ಅವಮಾನವಾಯಿತು, ಆಮೇಲೆ ನನಗೂ ನಗು ಬಂತು. ಐದು ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಆ ನಗುವಿನಲ್ಲಿ ಅರ್ಧ ಇಳಿಯಿತು.

"ರಾಂಡಿ, ಬನ್ನಿ, ಊಟ ಮಾಡೋಣ" ಎಂದು ಒಳಗೆ ಕರೆದಳು. ಹಿತುಕಿದ ಬೇಳೆ ಸಾರು, ಮುದ್ದೆ. ನಾನು ತಲೆ ತಗ್ಗಿಸಿ ನುಂಗುತ್ತಿದ್ದರೆ ಅವಳು ತಡೆದಳು. "ಅಂಗಲ್ಲ. ನಾನ್ ಮೂಸಿ ಹೇಳ್ತೀನಿ, ನೀವು ನಿಧಾನಕ್ಕೆ ತಿನ್ನಿ. ಮೊದ್ಲು ಬರೋದು ಬೆಳ್ಳುಳ್ಳಿ, ಹುರಿದಿರೋದು. ಅದರ ಹಿಂದೆ ಕೊತ್ಮಿರಿ. ಈಗ ಬೇಳೆ ಕಚ್ಚಿ... ಬಂತಾ? ಹಸಿ ಹಸಿ, ಮಂಜಲ್ಲಿ ನೆಂದ ಗಿಡದ ವಾಸನೆ."

ಬಂತು ಎಂದು ಹೇಳಲಾರೆ. ಆದರೆ ಅವಳು ಹೇಳಿದಂತೆಲ್ಲ ಒಂದೊಂದೇ ನೆನಪಾಯಿತು. ಇಡೀ ಪ್ರವಾಸದಲ್ಲಿ ನಾನು ನಿಜವಾಗಿ ಉಂಡ ಊಟ ಅದೊಂದೇ. ಎರಡನೆಯ ಮುದ್ದೆಯನ್ನೂ ಬೇಡವೆನ್ನಲಿಲ್ಲ.

ಊಟವಾದ ಮೇಲೆ ಎರಡು ಬುಟ್ಟಿ ತಂದಿಟ್ಟಳು. ಒಂದರಲ್ಲಿ ಅವಳ ಕಾಯಿ, ಇನ್ನೊಂದರಲ್ಲಿ ಬೇಸಿಗೆಯಲ್ಲೂ ಬೆಳೆಯುವ, ಸೊಗಡಿಲ್ಲದ ತಳಿಯದು. "ನಮ್ಮತ್ತೆಗೆ ವಯಸ್ಸಾದ ಮೇಲೆ ಮೂಗು ಸತ್ತಿತ್ತು. ಆದ್ರೂ ಅವರೇ ಕಾಯಿ ಆರಿಸ್ತಿದ್ರು. ಸೊಗಡು ಬೆರಳಿಗೆ ಅಂಟ್ಕೊಳ್ತದೆ. ಹೆಬ್ಬೆಟ್ಟಲ್ಲಿ ಅಂಚು ಉಜ್ಜಿ, ಎರಡು ಬೆರಳು ಒತ್ತಿ ಬಿಡಿ. ಬಿಡಕ್ಕೆ ಒಸಿ ಹಟ ಮಾಡಿದ್ರೆ ಸೊಗಡೈತೆ."

ಉಜ್ಜಿದೆ, ಒತ್ತಿದೆ, ಬಿಟ್ಟೆ. ಮೊದಮೊದಲು ಎರಡೂ ಒಂದೇ ಅನ್ನಿಸಿತು. ಅವಳು ನನ್ನ ಕಣ್ಣಿಗೆ ಟವಲು ಕಟ್ಟಿದಳು. ತಪ್ಪಿದಾಗೆಲ್ಲ ಮೊಣಕೈಗೆ ತಟ್ಟುತ್ತಿದ್ದಳು. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಹತ್ತು ಕಾಯಿ ಕೊಟ್ಟರೆ ಎಂಟೊಂಬತ್ತನ್ನು ಸರಿಯಾಗಿ ಹೇಳುತ್ತಿದ್ದೆ.

ಬಸ್ ನಿಲ್ದಾಣದಿಂದಲೇ ಮಾಲೀಕರಿಗೆ ಫೋನು ಮಾಡಿದೆ. ಧೈರ್ಯ ಆರುವುದಕ್ಕೆ ಮುಂಚೆ ಹೇಳಿಬಿಡಬೇಕಿತ್ತು. ಅವರು ನಡುವೆ ತಡೆಯದೆ ಎಲ್ಲ ಕೇಳಿಸಿಕೊಂಡರು.

"ಐದು ತಿಂಗಳು ನನ್ನನ್ನು ಏಮಾರಿಸಿದಿರಿ" ಎಂದರು.

"ಹೌದು ಸರ್."

"ನಾಳೆ ಲೋಡು ನೀವೇ ಆರಿಸಿ, ಬೆರಳಲ್ಲೋ ಕಾಲಲ್ಲೋ ನನಗೆ ಬೇಡ. ಇಲ್ಲಿ ಬಂದ ಮೇಲೆ ನಾನು ಮೂಸ್ತೀನಿ. ಸೊಗಡಿಲ್ಲದಿದ್ದರೆ ನಿಮಗೆ ಇಲ್ಲಿ ಕೆಲಸ ಇಲ್ಲ. ಇದ್ದರೆ ಆಗ ಮಾತಾಡೋಣ." ಫೋನಿಟ್ಟರು.

ನಾಲ್ಕನೆಯ ದಿನ ಮಂಡಿಯಲ್ಲಿ ಅವಳು ತನ್ನ ಜಾಗದಲ್ಲೇ ಕೂತಿದ್ದಳು. ನಾನು ಮೊದಲ ದಿನ ಕೂಗಿದಷ್ಟೇ ಜೋರಾಗಿ, "ಈಯಮ್ಮನ ಕಾಯಿಗೆ ಸೊಗಡಿಲ್ಲ ಅಂದದ್ದು ನನ್ನ ತಪ್ಪು. ನನಗೆ ಐದು ತಿಂಗಳಿಂದ ವಾಸನೆಯೇ ಗೊತ್ತಾಗೋದಿಲ್ಲ" ಎಂದೆ. ಯಾರೋ ಹಿಂದಿನಿಂದ ನಕ್ಕರು. ದಲ್ಲಾಳಿ ಹಣೆ ಚಚ್ಚಿಕೊಂಡು, "ಮತ್ತೆ ಎಂಗಮ್ಮ ಕೊಳ್ತೀರಾ?" ಎಂದ.

ಸಾಲಿನ ಒಂದು ತುದಿಯಿಂದ ಶುರು ಮಾಡಿ ಒಂದೊಂದು ಮೂಟೆಗೂ ಕೈ ಇಳಿಬಿಟ್ಟು ಆರಿಸಿದೆ. ಅವಳ ಮೂಟೆಗಳೆಲ್ಲವನ್ನೂ, ಇನ್ನೂ ಮೂವರದನ್ನು ಬೇರೆ ಇಡಿಸಿದೆ. ನಗುತ್ತಿದ್ದವರು ಒಬ್ಬೊಬ್ಬರಾಗಿ ಬಂದು ನಾನು ಆರಿಸಿದ್ದನ್ನು ಮೂಸಿ ನೋಡಿದರು, ತಲೆದೂಗಿ ತಮ್ಮ ಜಾಗಕ್ಕೆ ಹೋದರು. ಅವಳು ಎಲೆಯಡಿಕೆ ಮಡಿಸಿ ನನ್ನ ಕೈಗಿತ್ತಳು.

ಲೋಡಿನ ಹಿಂದೆಯೇ ಮೈಸೂರಿಗೆ ಬಂದೆ. ಮಾಲೀಕರು ಅಂಗಳದಲ್ಲೇ ನಿಂತಿದ್ದರು, ನನ್ನ ಮುಖ ನೋಡಲಿಲ್ಲ. ಮೂಟೆಯ ದಾರ ಕಿತ್ತು ಒಳಗೆ ಮೊಣಕೈವರೆಗೆ ತೋಳು ತೂರಿಸಿ, ಒಂದು ಹಿಡಿ ಕಾಯಿ ತೆಗೆದು ಮೂಸಿದರು. ಎರಡನೆಯ ಮೂಟೆ, ಮೂರನೆಯದು. ಕರಿಯುವ ಹುಡುಗಿಯರು ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಮುಖದ ಕಡೆ ನೋಡಬಾರದೆಂದು ನೆಲ ನೋಡುತ್ತ ನಿಂತೆ.

ಕೊನೆಯ ಮೂಟೆಯಿಂದ ಒಂದು ಕಾಯಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಇಪ್ಪತ್ತೆರಡು ವರ್ಷದ ರೂಢಿಯಂತೆ ಅದನ್ನು ನನ್ನ ಮೂಗಿನ ಕಡೆಗೆ ಎತ್ತಿದರು, ನೆನಪಾಗಿ ಅರ್ಧದಲ್ಲೇ ತಡೆದರು. ಆಮೇಲೆ ಕೈ ಕೆಳಗಿಳಿಸಿ, ಕಾಯಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ನಾಡಿದ್ದು ಎರಡನೇ ಲೋಡಿಗೆ ಎಷ್ಟು ಗಂಟೆಗೆ ಹೊರಡ್ತೀರಿ?" ಎಂದು ಕೇಳಿದರು.