ಆಚಾರ್ರ ಮಾರು, ನನ್ನ ಮಾರು

ನಾನು ಕುಳ್ಳ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ಮರ್ಯಾದೆ ಸ್ವಲ್ಪ ಉಳಿಯುತ್ತದೆ ಎಂದು ಈ ವಿಷಯವನ್ನು ಮೊದಲಿಗೇ ಮುಗಿಸುತ್ತಿದ್ದೇನೆ. ಬಸ್ಸಿನ ಮೇಲಿನ ಸರಳು ನನ್ನ ಕೈಗೆ ಸಿಕ್ಕುವುದಿಲ್ಲ. ಕುಂದಾಪುರದಿಂದ ಬೈಂದೂರಿನವರೆಗೂ ಸೀಟಿನ ಬೆನ್ನು ಹಿಡಿದೇ ಹೋಗುವವನು. ಮದುವೆಮನೆಯಲ್ಲಿ ಫೋಟೋ ತೆಗೆಯುವಾಗ ನನ್ನನ್ನು ಯಾವತ್ತೂ ಮುಂದಿನ ಸಾಲಿಗೆ ಕರೆಯುತ್ತಾರೆ. ಅದು ಗೌರವ ಎಂದೇ ಬಹಳ ಕಾಲ ತಿಳಿದಿದ್ದೆ. ಆದರೆ ನನ್ನ ಕೈಗಳೂ ನನ್ನ ಹಾಗೆಯೇ ಗಿಡ್ಡ ಎಂಬುದು ಗೊತ್ತಾದದ್ದು ಅಪ್ಪಯ್ಯನ ದೋಣಿಯ ಹಾಯಿಮರ ರಿಪೇರಿ ಮಾಡಿಸಿದ ವರ್ಷ.

ನಮ್ಮದು ಕುದ್ರು. ಸುತ್ತ ಹೊಳೆ, ನಡುವೆ ನಾವು ಮತ್ತು ನಮ್ಮ ತೆಂಗಿನಮರಗಳು. ಅಪ್ಪಯ್ಯ ಹಾಯಿದೋಣಿಯಲ್ಲಿ ಕುಂದಾಪುರದ ಹೆಂಚು ತುಂಬಿಕೊಂಡು ಗಂಗೊಳ್ಳಿಗೆ ಮುಟ್ಟಿಸುತ್ತಿದ್ದರು. ಎತ್ತರದ ಆಳು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿದರೆ ನನ್ನ ಕಾಲು ನೆನೆಯುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಮೋಟಾರು ದೋಣಿ ತಂದೆ. ತೆಂಗಿನಕಾಯಿ, ಹುಲ್ಲು, ಸಿಮೆಂಟು, ಒಮ್ಮೊಮ್ಮೆ ಯಾರದೋ ದನ, ಏನಿದ್ದರೂ ಅದರಲ್ಲೇ ಸಾಗಿಸಿ ಸಂಸಾರ ದಡ ಮುಟ್ಟಿಸಿದೆ. ಹಾಯಿದೋಣಿಯನ್ನು ಮಾತ್ರ ಮಾರಲಿಲ್ಲ. ವರ್ಷಕ್ಕೊಮ್ಮೆ ಗೇರೆಣ್ಣೆ ಬಳಿದು, ಕೈ ಸುಟ್ಟುಕೊಂಡು, ಹೆಂಡತಿಯಿಂದ ಬೈಸಿಕೊಂಡು, ತೆಂಗಿನ ಮಡಲಿನ ಚಪ್ಪರದ ಅಡಿಯಲ್ಲಿ ಇಟ್ಟಿದ್ದೆ.

ಒಂದು ದಿನ ಬೊಂಬಾಯಿಯಿಂದ ಗಿರಿಜಕ್ಕನ ಫೋನು ಬಂತು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮದುವೆಯಾದ ಮರುದಿನ ಇದೇ ಹಾಯಿದೋಣಿಯಲ್ಲಿ ಕೂತು ಗಂಗೊಳ್ಳಿಗೆ ಗಂಡನ ಮನೆಗೆ ಹೋದವಳು, ಅಲ್ಲಿಂದ ಬೊಂಬಾಯಿ ಸೇರಿದವಳು.

"ತಮ್ಮ, ಬಪ್ಪ ತಿಂಗ್ಳ್ ಬತ್ತೆ. ನಂಗೊಂದ್ ಆಸೆ ಇತ್ತ್. ಅಪ್ಪಯ್ಯನ್ ದೋಣಿಯಂಗೆ ಹಾಯಿ ಕಟ್ಕಂಡ್ ಗಂಗೊಳ್ಳಿಗ್ ಹೋಯ್ಕ್. ಮೊಣಕಾಲ್ ನೋವ್ ಜೋರಾಯ್ತಲೆ, ಇನ್ನೊಂದ್ ಸಲ ದೋಣಿ ಹತ್ತುಕ್ ಆತ್ತೋ ಇಲ್ಯೋ."

"ನೀನ್ ಬಾ. ನಾನ್ ಕರ್ಕಂಡ್ ಹೋತೆ," ಎಂದೆ. ಮಾತು ಕೊಡಲು ಉದ್ದದ ಕೈ ಬೇಕಾಗಿಲ್ಲ.

ಫೋನು ಇಟ್ಟು ಚಪ್ಪರಕ್ಕೆ ಹೋಗಿ ನೋಡಿದರೆ ದೋಣಿ ಗಟ್ಟಿಯಾಗಿತ್ತು; ಹಾಯಿಮರದ ಬುಡ ಮಾತ್ರ ಕುಂಬಾಗಿತ್ತು. ಹೆಬ್ಬೆರಳು ಒತ್ತಿದರೆ ಹಲಸಿನ ಹಣ್ಣಿನ ಹಾಗೆ ಒಳಗೆ ಹೋಗುತ್ತಿತ್ತು. ಮೇಲಿನ ಅರ್ಧ ಕಬ್ಬಿಣದಂತಿತ್ತು. ಗಂಗೊಳ್ಳಿಯಿಂದ ದೋಣಿ ಕೆಲಸದ ಸೀನ ಆಚಾರ್ರನ್ನು ಕರೆತಂದೆ. ಅವರು ಮರವನ್ನು ಎರಡು ಸುತ್ತು ನೋಡಿ, ಎಲೆಯಡಿಕೆ ಹಾಕಿ, ಒಳ್ಳೆಯದಿರುವಷ್ಟು ಉಳಿಸಿಕೊಂಡು ಬುಡಕ್ಕೆ ಹೊಸ ಮರ ಜೋಡಿಸುವುದು ಎಂದು ತೀರ್ಮಾನ ಕೊಟ್ಟರು. ಕೈ ಎರಡೂ ಅಗಲಿಸಿ ಅಳೆದರು.

"ಎರಡ್ ಮಾರ್, ಒಂದ್ ಮೊಳ. ಹೊನ್ನೆ ಮರ ತನ್ನಿ, ಸಮ ನೆಟ್ಟಗಿಪ್ಪುದ್. ಜೋಡುಕ್ ಬೇಕಾದ್ದ್ ಸೇರ್ಸಿಯೇ ಹೇಳಿದ್ದೆ."

ಆಚಾರ್ರೂ ಅಪ್ಪಯ್ಯನ ಹಾಗೆ ಎತ್ತರದ ಆಳು ಎಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿ ನನಗೆ ಹೊಳೆಯಲಿಲ್ಲ.

ಎರಡು ಕೈ ಚಾಚಿದರೆ ಮಾರು, ಮೊಣಕೈಯಿಂದ ಬೆರಳ ತುದಿಗೆ ಮೊಳ, ಬೆರಳು ಹಿಗ್ಗಿಸಿದರೆ ಗೇಣು. ಹೊಳೆಯ ಆಳ, ಹಗ್ಗದ ಉದ್ದ, ಬಲೆಯ ಅಗಲ ಎಲ್ಲ ನಮ್ಮಲ್ಲಿ ಹೀಗೆಯೇ. ಅಳತೆಗೋಲನ್ನು ಮನೆಯಲ್ಲಿ ಮರೆತು ಬಂದೆ ಎನ್ನುವ ಪ್ರಶ್ನೆಯೇ ಇಲ್ಲ. ಕೈಯನ್ನು ಯಾರೂ ಮರೆತು ಬರುವುದಿಲ್ಲ. ಬೈಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಕೊಳ್ಳುವ ಹೆಂಗಸರು ಹೂವು ನೋಡುವ ಮೊದಲು ಹೂವಿನವಳ ಮೊಣಕೈ ನೋಡುತ್ತಾರೆ. ನನ್ನ ಹೆಂಡತಿ ಉದ್ದ ಕೈಯವಳನ್ನು ಹುಡುಕಿಕೊಂಡು ಆಚೆ ಪೇಟೆಗೂ ನಡೆಯುತ್ತಾಳೆ. ಇಷ್ಟು ಜ್ಞಾನ ಮನೆಯೊಳಗೇ ಇದ್ದರೂ ನನ್ನ ತಲೆಗೆ ಹತ್ತಲಿಲ್ಲ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಮೀಟರಿನ ಪಾಠ ಬರುವ ಹೊತ್ತಿಗೆ ಹೆಂಚು ಹೊರುತ್ತಿದ್ದೆ. ಆಮೇಲೆ ಮೀಟರೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ, ನಾನೂ ಹೋಗಲಿಲ್ಲ.

ಮರ ಸಿಕ್ಕಿದ್ದು ಕೊಕ್ಕರ್ಣೆಯ ಒಂದು ಮರದ ಮಿಲ್ಲಿನಲ್ಲಿ. ಒಳ್ಳೆಯ ಹೊನ್ನೆ, ಬೇಕಾದ್ದಕ್ಕಿಂತ ಎಷ್ಟೋ ಉದ್ದ. ಮಿಲ್ಲಿನವರು ಟೇಪು ಹಿಡಿದುಕೊಂಡು ಬಂದರು.

"ಎಷ್ಟ್ ಅಡಿ ಬೇಕ್ ಮಾರಾಯ್ರೆ?"

"ಅಡಿಗಿಡಿ ಬ್ಯಾಡ. ನಾನೇ ಅಳ್ದ್ ಕೊಡ್ತೆ," ಎಂದು ಎದೆಯುಬ್ಬಿಸಿ, ಕೈ ಚಾಚಿ, ಎರಡು ಮಾರು ಒಂದು ಮೊಳ ಅಳೆದು ಸೀಮೆಸುಣ್ಣದಿಂದ ಗೆರೆ ಹಾಕಿದೆ.

"ಹ್ವಾಯ್, ಒಂಚೂರ್ ಬಿಟ್ಟೇ ಕೊಯ್ಸಿ. ಮರ ಕೊಯ್ದ್ ಮೇಲೆ ಬೆಳೂದಿಲ್ಲೆ," ಎಂದರು ಅವರು. ದೋಣಿಯವನಿಗೆ ಗದ್ದೆಯ ಊರಿನವರು ಅಳತೆ ಕಲಿಸುವುದೇ? ಗೆರೆಯ ಮೇಲೆಯೇ ಕೊಯ್ಯಿಸಿದೆ.

ಆಚಾರ್ರು ಅಷ್ಟರಲ್ಲಿ ಕುಂಬಾದ ಬುಡ ಕತ್ತರಿಸಿಟ್ಟಿದ್ದರು. ನಾನು ತಂದ ಮರವನ್ನು ಅದರ ಪಕ್ಕ ಮಲಗಿಸಿದರು.

"ಇದೆಂತ ಮಾರಾಯ್ರೆ, ಮೊಳದ್ ಮೇಲೆ ಕಮ್ಮಿ ಇತ್ತಲೆ."

"ನೀವ್ ಹೇಳಿದ್ದೇ ತಂದಿದ್ದೆ. ಎರಡ್ ಮಾರ್, ಒಂದ್ ಮೊಳ."

"ಯಾರ್ ಮಾರ್?"

ನಲವತ್ತು ದಾಟಿದ ಮೇಲೆ ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಇಬ್ಬರೂ ಅಂಗಳದಲ್ಲಿ ಎದುರುಬದುರು ಕೈ ಚಾಚಿ ನಿಂತೆವು. ಬಾವಿಕಟ್ಟೆಯಲ್ಲಿದ್ದ ಹೆಂಡತಿ ಕೊಡಪಾನ ಕೆಳಗಿಟ್ಟು ನಗತೊಡಗಿದಳು.

"ಎಂತ, ಇಬ್ರೂ ಹಾರುಕ್ ಹೊರ್ಟ್ರ್ಯಾ?"

"ನಾನ್ ಅಳ್ದದ್ ಸಮವೇ ಇತ್ತ್. ಇವ್ರ್ ಕೈಯೇ ಜಾಸ್ತಿ ಉದ್ದ," ಎಂದೆ. ಆಚಾರ್ರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡು, "ಅದೂ ಹೌದ್ ಅನ್ನಿ," ಎಂದರು. ಬುದ್ಧಿವಂತರು, ಮಧ್ಯಾಹ್ನದ ಊಟ ನಮ್ಮಲ್ಲೇ ಇತ್ತು.

ಗಿರಿಜಕ್ಕ ಮರುದಿನ ಬರುವವಳು, ಬಂದರೂ ನಾಲ್ಕೇ ದಿನ ಇರುವವಳು. ಮತ್ತೊಂದು ಮರ ಹುಡುಕಿ ಕೊಯ್ಯಿಸಿ ತರಲು ಹೊತ್ತಿರಲಿಲ್ಲ. ಇದ್ದದ್ದರಲ್ಲೇ ಮಾಡಿ ಎಂದೆ. ಎರಡೂ ಮರಗಳನ್ನು ಓರೆಯಾಗಿ ಸೀಳಿ, ಒಂದಕ್ಕೊಂದು ಕೂರಿಸಿ, ತಾಮ್ರದ ಮೊಳೆ ಹೊಡೆದು, ಮೇಲೆ ಹಗ್ಗ ಸುತ್ತಿ ಬಿಗಿದರು. ಕೆಳಗೆ ಬಿಳಿಯ ಹೊಸ ಮರ, ಮೇಲೆ ಕಪ್ಪಗಿನ ಹಳೆಯ ಮರ. ಮರ ಗಿಡ್ಡವಾದ್ದರಿಂದ ಹಾಯಿ ಕೆಳಗೆ ಜೋತುಬಿತ್ತು. ಅದರ ಅಂಚು ಮಡಚಿ ಹೊಲಿದೆ. ಸಣ್ಣವನಿದ್ದಾಗ ಅಪ್ಪಯ್ಯನ ಹಳೆಯ ಅಂಗಿಯ ತೋಳು ಮಡಚಿ ನನಗೆ ಹಾಕುತ್ತಿದ್ದರು. ಆ ಹೊಲಿಗೆಯ ಗುರುತು ನನ್ನ ಕೈಗೆ ಇತ್ತು.

ಅಪ್ಪಯ್ಯನ ದೋಣಿ ಎಂದರೆ ಗಂಗೊಳ್ಳಿಯ ದಡದಲ್ಲಿ ನಿಂತವರು ಮರದ ತುದಿ ನೋಡಿಯೇ ಗುರುತು ಹಿಡಿಯುತ್ತಿದ್ದರು. ಅಕ್ಕ ಅದನ್ನೇ ನೆನಪಿಟ್ಟುಕೊಂಡು ಬರುತ್ತಿದ್ದಾಳೆ. ನಾನು ತೋರಿಸಬೇಕಾಗಿದ್ದದ್ದು ಈ ಮಡಚಿದ ಅಂಗಿ.

ಅಕ್ಕ ಬಂದ ಮರುದಿನ ನಸುಕಿಗೆ ಮೂಡುಗಾಳಿ ಎದ್ದಿತ್ತು. ಅಕ್ಕನನ್ನು ಎತ್ತಿ ಹಿಡಿದು ದೋಣಿಗೆ ಹತ್ತಿಸಿ ಹಾಯಿ ಬಿಚ್ಚಿದೆ. ಅವಳು ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ನಾನು ಹೊಳೆಯ ಕಡೆ ಮುಖ ಮಾಡಿದೆ. ಎಂಜಿನ್ನಿನ ಸದ್ದಿಲ್ಲದೆ ಹೊಳೆ ಇಷ್ಟು ಮಾತಾಡುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಕುದ್ರುವಿನ ತುದಿಯಲ್ಲಿ ಈಚೆಗೆ ಕಟ್ಟಿದ ಕಾಲುಸೇತುವೆ ಇದೆ. ಅದು ಬಂದ ಮೇಲೆ ಭರತಕ್ಕೆ ಹೊಳೆಯ ನೀರು ಏರಿದ್ದರೆ ಹಾಯಿದೋಣಿ ಅಡಿಯಿಂದ ಹಾಯುವಂತಿಲ್ಲ. ಹಾಯಿ ಇಳಿಸಿ, ಹಗ್ಗ ಸಡಿಲಿಸಿ, ಮರ ಮಲಗಿಸಬೇಕು. ಅಂದು ತುಂಬು ಭರತ. ಅಕ್ಕನ ಎದುರಿಗೆ ಅಪ್ಪಯ್ಯನ ಮರ ಮಲಗಿಸುವುದು ನನಗೆ ಬೇಡವಾಗಿತ್ತು, ಆದರೂ ಹಗ್ಗಕ್ಕೆ ಕೈ ಹಾಕಿದೆ. ಗಾಳಿ ನನಗಿಂತ ಚುರುಕು. ಗಂಟು ಬಿಚ್ಚುವಷ್ಟರಲ್ಲಿ ದೋಣಿ ಸೇತುವೆಯ ಅಡಿಗೆ ನುಗ್ಗಿತು. ನಾನು ಕಣ್ಣುಮುಚ್ಚಿ ತಲೆ ತಗ್ಗಿಸಿದೆ. ನನ್ನ ತಲೆಗೂ ಸೇತುವೆಗೂ ಏನೂ ಸಂಬಂಧವಿಲ್ಲ; ಆದರೂ ತಗ್ಗಿಸಿದೆ.

ಸದ್ದಾಗಲಿಲ್ಲ. ಕಣ್ಣು ಬಿಟ್ಟಾಗ ಸೇತುವೆ ಹಿಂದಿತ್ತು, ಮರ ನೆಟ್ಟಗಿತ್ತು. ನಡುವೆ ಒಂದು ಗೇಣು ಉಳಿದಿರಬಹುದು. ಯಾರ ಗೇಣು ಎಂದು ಕೇಳಬೇಡಿ.

"ಮರ ಗಿಡ್ಡ ಮಾಡಿದ್ದ್ ಇದ್ಕೇ ಕಾಣ್," ಎಂದೆ, ಗಂಭೀರವಾಗಿ.

"ಸುಮ್ನಿರಾ. ನಿನ್ ಹೆಂಡ್ತಿ ನಿನ್ನೆಯೇ ಎಲ್ಲಾ ಹೇಳಿದ್ಲ್."

ದೂರದಲ್ಲಿ ಗಂಗೊಳ್ಳಿ ಕಂಡಿತು. ಆಗ ಅವಳು ಮರದ ಜೋಡಣೆಯ ಹಗ್ಗದ ಮೇಲೆ ಕೈಯಿಟ್ಟು, ಬಿಳಿಯ ಬುಡವನ್ನೂ ಕಪ್ಪು ತುದಿಯನ್ನೂ ನೋಡಿ ಹೇಳಿದಳು:

"ಸಣ್ಣಕಿಪ್ಪತಿಗೆ ನೀನ್ ಅಪ್ಪಯ್ಯನ್ ಹೆಗ್ಲ್ ಮೇಲ್ ಕೂಕಂಡ್ ಹೊಳಿ ದಾಟ್ತಿದ್ದೆ. ಈಗ ಕಾಣ್, ಅಪ್ಪಯ್ಯ ನಿನ್ ಹೆಗ್ಲ್ ಮೇಲ್ ಕೂಕಂಡ್ ಹೋತಿದ್ರ್."

ಆಚಾರ್ರು ಈಗಲೂ ಸಿಕ್ಕಿದಾಗಲೆಲ್ಲ, ಬುಡ ಬದಲಿಸಿ ಮರವನ್ನು ಮೊದಲಿನ ಎತ್ತರಕ್ಕೆ ತರೋಣ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಹೆಗಲು ಎಷ್ಟು ಎತ್ತರದಲ್ಲಿದೆ ಎಂದು ಕೂತವರು ಕೇಳುತ್ತಿಲ್ಲವಲ್ಲ.